ಗುಲಾಬತ್ತೆಯ ರುಮೇನಿಯಾದ ಮಗಳು

ಕುಮಟೆಯ ನಮ್ಮ ಮನೆಯ ಮುಂಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಸರಿಯಾಗಿ ಹಾಕಿಕೊಳ್ಳುವ ಕಾಲ ಅಂತ ಅದಕ್ಕೊಂದು ಇದ್ದರೆ ನಾವಂತೂ ಇನ್ನೂ ನೋಡಿಲ್ಲ. ನಿನ್ನೆ ಬಡಗಿ ಬಂದು ಅದರ ಅಂಚು ಹೆರೆದು, ಪಾಲಿಶ್ ಬಳಿದು ಹೋದ. ಮನೆ ತುಂಬ ಟರ್ಪೆಂಟೈನ್ ವಾಸನೆ. ನನ್ನ ಗಂಡ ಸೀನಲು ಶುರುಮಾಡಿದವರು ಹದಿನೇಳನೆಯ ಸೀನಿಗೂ ನಿಲ್ಲಿಸಲಿಲ್ಲ. ಎಣಿಸಿದ್ದು ನಾನೇ, ಬೇರೆ ಕೆಲಸ ಇರಲಿಲ್ಲ. ಆದರೆ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಕೇಳಿಸಿದ್ದು ಸೀನಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಗುಲಾಬತ್ತೆಯ ಕೂಗು: "ನನ್ನ ಹುಡ್ಗಿ ಕೆನ್ನೆ ಮುಟ್ಟಿ ನೋಡು, ಕೈ ಮುರಿತೆ!"

ಕೂತುಕೊಳ್ಳಿ, ಹೇಳುತ್ತೇನೆ. ಬಾಗಿಲು ಒಣಗುವ ತನಕ ಹೇಗೂ ನೀವು ಹೊರಗೆ ಹೋಗುವ ಹಾಗಿಲ್ಲ.

ಮೊದಲು ನನ್ನ ಬಗ್ಗೆ ಒಂದು ಮಾತು, ಯಾಕೆಂದರೆ ಈ ಕಥೆಯಲ್ಲಿ ಆದ ಅನಾಹುತಕ್ಕೆಲ್ಲ ನಾನೇ ಕಾರಣ. ನಾನು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವಳು. ಎರಡು ಗುಡ್ಡ, ನಡುವೆ ಹುಟ್ಟುವ ಸೂರ್ಯ, ಒಂದು ತೆಂಗಿನ ಮರ, ಒಂದು ದೋಣಿ. ಸೂರ್ಯ ನಮ್ಮಲ್ಲಿ ಸಮುದ್ರದ ಕಡೆ ಮುಳುಗುತ್ತಾನೆಯೇ ಹೊರತು ಹುಟ್ಟುವುದಿಲ್ಲ ಎಂದು ಒಬ್ಬ ವಿದ್ಯಾರ್ಥಿನಿ ಒಮ್ಮೆ ಕೇಳಿದಾಗ, "ಚಿತ್ರದಲ್ಲಿ ಹುಟ್ಟುತ್ತಾನೆ, ಸುಮ್ಮನೆ ಬಣ್ಣ ಹಚ್ಚು" ಎಂದು ಗದರಿದವಳು. ಆದರೂ ನಮ್ಮ ಮನೆತನದಲ್ಲಿ ಕಲೆ ಗೊತ್ತಿರುವವಳು ಅಂದರೆ ನಾನೊಬ್ಬಳೇ ಎಂಬ ಹಮ್ಮು ನನಗೆ ಧಾರಾಳವಾಗಿತ್ತು. ಆ ಹಮ್ಮನ್ನು ಬೆಳೆಸಿದ್ದು ಹೊನ್ನಾವರದಲ್ಲಿ ಗುಲಾಬತ್ತೆಯ ಮನೆಯ ಗೋಡೆಯ ಮೇಲಿದ್ದ ಒಂದು ಚಿತ್ರ.

ಗುಲಾಬತ್ತೆ ನನ್ನ ಅಪ್ಪನ ತಂಗಿ. ಒಣಮೀನು ವ್ಯಾಪಾರ ಅವಳದ್ದು. ಪೇಟೆಯಲ್ಲಿ ಅವಳು ಕೂತ ಕಡೆ ಇನ್ನೊಬ್ಬರು ಕೂರುವ ಧೈರ್ಯ ಮಾಡುತ್ತಿರಲಿಲ್ಲ. ಗಂಡ ಮಂಜು ಮಾವ ಸರಕು ಹಡಗಿನಲ್ಲಿ ಅಡುಗೆಯವನು. ಎಂಟು ತಿಂಗಳು ನೀರಿನ ಮೇಲೆ, ನಾಲ್ಕು ತಿಂಗಳು ಮನೆಯಲ್ಲಿ. ನನಗೆ ಹತ್ತು ವರ್ಷ ಇದ್ದಾಗಿನ ಮಾತು ಇದು. ಆಗ ಹಡಗಿಗೆ ಹೋದ ಗಂಡಸರು ಊರಿಗೆ ಬರುವುದೆಂದರೆ ಕೇರಿಗೇ ಸಂಭ್ರಮ. ಒಬ್ಬ ಟೇಪ್‌ರೆಕಾರ್ಡರ್ ತರುತ್ತಿದ್ದ, ಇನ್ನೊಬ್ಬ ಹುಲಿ ಚಿತ್ರದ ಕಂಬಳಿ ತರುತ್ತಿದ್ದ, ಮತ್ತೊಬ್ಬ ಮೂಗು ಸುಡುವ ಸೆಂಟು. ಆ ವರ್ಷ ಮಂಜು ಮಾವ ಬಂದಾಗ ಅವನ ಕಂಕುಳಲ್ಲಿ ಗೋಣಿ ಸುತ್ತಿದ ಚಪ್ಪಟೆ ವಸ್ತುವೊಂದಿತ್ತು. ಟೀವಿಯೇ ಇರಬೇಕೆಂದು ಅತ್ತೆ ಇಡೀ ಕೇರಿಯವರನ್ನು ಜಗಲಿಯಲ್ಲಿ ಸೇರಿಸಿಟ್ಟಿದ್ದಳು. ಗೋಣಿ ಬಿಚ್ಚಿದರೆ ಒಂದು ಮಗುವಿನ ಚಿತ್ರ.

"ಬೇರೆಯವ್ರ ಗಂಡಂದಿರು ಟೇಪು ತಂದ್ರು, ಕಂಬಳಿ ತಂದ್ರು. ನನ್ನ ಗಂಡ ಯಾರ್ದೋ ಮಗು ತಂದ!" ಎಂದು ಅತ್ತೆ ಆ ದಿನ ಹಾಕಿದ ಬೊಬ್ಬೆ ಶರಾವತಿಯ ಆಚೆ ದಡಕ್ಕೂ ಕೇಳಿಸಿತಂತೆ. ಮಾವ ಮಾತ್ರ ತಣ್ಣಗೆ, "ಎಂತ ಮಾಡೂದೇ? ಅಂಗಡಿಲಿ ನನ್ನೇ ನೋಡ್ತಾ ಇತ್ತು. ಬಿಟ್ಟು ಬರೂಕೆ ಮನಸ್ ಬರ್ಲಿಲ್ಲ" ಎಂದನು. ರುಮೇನಿಯಾ ಎಂಬ ದೇಶದ ಬಂದರಿನ ಪಕ್ಕ ಹಳೆ ಸಾಮಾನಿನ ಅಂಗಡಿಯಂತೆ. ಆ ಕಾಲದಲ್ಲಿ ಅಲ್ಲಿ ಕಾಫಿ ಪುಡಿಗೆ ಬರಗಾಲವಂತೆ. ಮಾವ ಹಡಗಿನ ಅಡುಗೆಮನೆಯಿಂದ ಎರಡು ಪೊಟ್ಟಣ ಕಾಫಿ ಪುಡಿ, ಒಂದು ಡಬ್ಬಿ ಕಾಳುಮೆಣಸು ಕೊಟ್ಟು ಮಗುವನ್ನು ತಂದಿದ್ದ. ಕ್ಯಾಪ್ಟನ್ನನಿಗೆ ಆ ವಾರ ಪೂರ್ತಿ ಚಹಾವೇ ಗತಿಯಾಯಿತು.

ಚಿತ್ರ ದೊಡ್ಡದೇನಲ್ಲ, ಒಂದು ಮೊರದಷ್ಟು ಅಗಲ. ದಪ್ಪ ರಟ್ಟಿನ ಮೇಲೆ ಎಣ್ಣೆ ಬಣ್ಣ. ಎರಡು ಮಹಾಯುದ್ಧಗಳ ನಡುವಿನ ಕಾಲದ್ದು ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ನಾಲ್ಕು ವರ್ಷದ ಮಗುವೊಂದು ತನಗಿಂತ ಬಹಳ ದೊಡ್ಡದಾದ ಕುರ್ಚಿಯಲ್ಲಿ ಕೂತಿದೆ. ಕಾಲು ನೆಲಕ್ಕೆ ಎಟುಕುವುದಿಲ್ಲ. ತಲೆಗೆ ಕೆಂಪು ಟೊಪ್ಪಿ, ಮೈಗೆ ನೀಲಿ ಅಂಗಿ, ಕೈಯಲ್ಲಿ ಒಂದೇ ಒಂದು ಸಲ ಕಚ್ಚಿದ ಸೇಬು. ಮುಖದ ತುಂಬ ಕಣ್ಣು. ದುಂಡಗಿನ, ಕಪ್ಪು ಕಪ್ಪಾದ, ನೋಡಿದವರಿಗೆ ಒಂದು ಕ್ಷಣ ತಾವೇ ಏನೋ ತಪ್ಪು ಮಾಡಿದ್ದೇವೆ ಅನ್ನಿಸುವಂಥ ಕಣ್ಣು. ತುಟಿ ಕೆಳಕ್ಕೆ ಬಾಗಿ, ಇನ್ನೇನು ಅತ್ತುಬಿಡುತ್ತದೆ ಅನ್ನುವಾಗ ಚಿತ್ರಗಾರ ಕುಂಚ ಕೆಳಗಿಟ್ಟಿದ್ದಾನೆ.

ಅತ್ತೆ ಅದನ್ನು ಮಂಚದ ಕೆಳಗೆ ತಳ್ಳಿದಳು. ಮಾವ ರಜೆ ಮುಗಿಸಿ ಹೋದ. ಒಂದು ವಾರ ಕಳೆದು ನಾನು ಹೋದಾಗ ಮಗು ಗೋಡೆಯ ಮೇಲಿತ್ತು. ಕೇಳಿದರೆ, "ಮಂಚದ ಕೆಳ್ಗೆ ಇಲಿ ಅದೆ ಮಾರಾಯ್ತಿ" ಎಂದಳು. ಆಮೇಲಿನ ವಾರ ಪೇಟೆಗೆ ಹೊರಟವಳು ಬಾಗಿಲಲ್ಲಿ ನಿಂತು, ಯಾರಿಗೂ ಕೇಳಿಸಬಾರದೆಂಬ ಧ್ವನಿಯಲ್ಲಿ, "ಬೇಗ ಬತ್ತೆ ಹಾಂ?" ಅಂದದ್ದು ನನಗೆ ಕೇಳಿಸಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ ಎಂದು ನಾನು ಬೇರೆ ಹೇಳಬೇಕಾಗಿಲ್ಲ ತಾನೇ?

ಮುಂದಿನ ರಜೆಗೆ ಮಾವ ಬಂದಾಗ ಮಗುವಿಗೆ ಹೆಸರಿಟ್ಟಾಗಿತ್ತು. ಕುಸುಮ. ಮಾವನ ಪ್ರಕಾರ ಅದು ಹುಡುಗ. ಅತ್ತೆಯ ಪ್ರಕಾರ ಹುಡುಗಿ. ಮಗು ಅಳುಮೋರೆ ಮಾಡಿದ್ದು ಯಾಕೆಂಬುದರಲ್ಲೂ ಅವರಿಗೆ ಒಮ್ಮತವಿರಲಿಲ್ಲ. ಚಳಿ ಅಂತ ಮಾವ, ಆ ಊರಿಗೆ ಹೋಗಿ ಬಂದವನು ತಾನೇ ಎಂಬ ಅಧಿಕಾರದಿಂದ. ಅವ್ವ ಪೇಟೆಗೆ ಹೋಗಿ ಇನ್ನೂ ಬಂದಿಲ್ಲ ಅಂತ ಅತ್ತೆ. ಈ ವಾದ ಇಪ್ಪತ್ತು ವರ್ಷ ನಡೆಯಿತು. ಬೇರೆ ದಂಪತಿಗಳು ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದೆಂದು ಜಗಳವಾಡುತ್ತಾರಲ್ಲ, ಹಾಗೆಯೇ ಇದೂ.

ಇನ್ನು ದೃಷ್ಟಿಯ ವಿಷಯ. ಮನೆಗೆ ಬಂದವರೆಲ್ಲ ಮೊದಲು ನೋಡುವುದು ಕುಸುಮನನ್ನೇ. "ಅಯ್ಯ, ಎಂತ ಚಂದ ಮಗು! ಎಂತ ಕಣ್ಣು!" ಅನ್ನುವವರೇ ಎಲ್ಲ. ಒಣಮೀನು ಒಯ್ಯಲು ಭಟ್ಕಳದಿಂದ ಬರುತ್ತಿದ್ದ ನವಾಯತ ಮುಸ್ಲಿಂ ಹೆಂಗಸೊಬ್ಬರು ಮಾತ್ರ ಹೊಗಳುವ ಮೊದಲೇ "ಮಾಶಾಲ್ಲಾ" ಅನ್ನುತ್ತಿದ್ದರು. "ನೋಡು, ಅವ್ರಿಗೆ ಬುದ್ಧಿ ಅದೆ. ನಮ್ಮವ್ರು ಬಾಯಿ ಬಿಟ್ಟು ನೋಡೂದೊಂದೇ" ಎಂದು ಅತ್ತೆ ಮೆಚ್ಚಿಕೊಳ್ಳುತ್ತಿದ್ದಳು. ಒಂದು ದಿನ ಎದುರುಮನೆಯವಳು ಬಂದು ಹಾಗೇ ಬಾಯಿ ಬಿಟ್ಟು ಹೊಗಳಿ ಹೋದ ಅರ್ಧ ಗಂಟೆಯಲ್ಲಿ ಚಿತ್ರದ ದಾರ ಕಡಿದು ಕುಸುಮ ಮುಗ್ಗರಿಸಿ ಅಕ್ಕಿ ಡಬ್ಬದ ಮೇಲೆ ಬಿದ್ದಳು. ಪೆಟ್ಟೇನೂ ಆಗಲಿಲ್ಲ. ಆದರೆ ಅತ್ತೆ ಆವತ್ತೇ ಉಪ್ಪು ಮೆಣಸು ಇಳಿಸಿ ಒಲೆಗೆ ಹಾಕಿದಳು, ದೀಪದ ಮಸಿಗೆ ಹರಳೆಣ್ಣೆ ಕಲಸಿ ಎಡ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟಳು. ಅಂದಿನಿಂದ ಪ್ರತಿ ಶನಿವಾರ ಅದರ ಮೇಲೊಂದು ಹೊಸ ಬೊಟ್ಟು. ವರ್ಷ ಕಳೆದಂತೆ ಬೊಟ್ಟು ದಪ್ಪವಾಗಿ, ಮುಟ್ಟಿದರೆ ಕೈಗೆ ಸಿಗುವಂತಾಯಿತು.

ಚಿತ್ರಕಲಾ ಪರೀಕ್ಷೆ ಪಾಸು ಮಾಡಿ ಸರ್ಟಿಫಿಕೇಟು ಹಿಡಿದು ಬಂದ ಹೊಸತರಲ್ಲಿ ನನಗೆ ಈ ಬೊಟ್ಟು ಕಲೆಗೆ ಮಾಡಿದ ಅಪಚಾರವಾಗಿ ಕಂಡಿತು. ಅತ್ತೆ ಪೇಟೆಗೆ ಹೋದ ಹೊತ್ತು ನೋಡಿ, ಒಂದು ಬಾಟಲಿ ಟರ್ಪೆಂಟೈನ್ ಮತ್ತು ಹಳೆ ಬನಿಯನ್ ತುಂಡು ತೆಗೆದುಕೊಂಡು ಹೋದೆ. ಮೊದಲು ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡಬೇಕೆಂದು ಎಲ್ಲೋ ಓದಿದ್ದೆ. ಉಜ್ಜಿದೆ. ಬನಿಯನ್ನಿಗೆ ಕಂದು ಬಣ್ಣ ಬಂತು, ಮೂಲೆಯಲ್ಲಿ ರಟ್ಟು ಬಂತು. ಮುಂದಕ್ಕೆ ಹೋಗುವ ಮೊದಲೇ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಕೈ ಮುರಿಯುತ್ತೇನೆ ಅಂದದ್ದು ಆಗಲೇ. ಮರುದಿನ ಶಾಲೆಯ ಪೋಸ್ಟರ್ ಬಣ್ಣದಿಂದ ಆ ಬೋಳು ಜಾಗವನ್ನು ಮುಚ್ಚಿದೆ. ರುಮೇನಿಯಾದ ಆ ಅಜ್ಞಾತ ಕಲಾವಿದನ ಜೊತೆ ನಾನೂ ಸೇರಿ ಬಿಡಿಸಿದ ಚಿತ್ರ ಅದು ಎಂದು ಈಗ ಧೈರ್ಯವಾಗಿ ಹೇಳಬಹುದು.

ಮಂಜು ಮಾವ ತೀರಿಹೋಗಿ ಹತ್ತು ಹನ್ನೆರಡು ವರ್ಷವಾಯಿತು. ಹದಿಮೂರನೆಯ ದಿನ ನಾನು ಅತ್ತೆಯನ್ನು ಕುಮಟೆಗೆ ಬಾ ಎಂದು ಕರೆದೆ. "ಹುಡ್ಗಿ ಒಬ್ಳೇ ಆಗ್ತದೆ" ಎಂದಳು. ಆಗ ನಾನು ನಗಲಿಲ್ಲ. ನಗು ಬಂದಿರಲೂ ಇಲ್ಲ.

ಈಗ ನನ್ನ ದೊಡ್ಡ ತಪ್ಪಿಗೆ ಬರೋಣ. ಐದಾರು ವರ್ಷದ ಹಿಂದೆ, ಕೈಗೆ ಹೊಸ ಫೋನು ಬಂದ ಉತ್ಸಾಹದಲ್ಲಿ, ಕುಸುಮನ ಫೋಟೋ ತೆಗೆದು ಇಂಟರ್ನೆಟ್ಟಿಗೆ ಹಾಕಿದೆ. ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಏನೋ ಬರೆದಿತ್ತು, ಅದರದ್ದೂ ಫೋಟೋ ಹಾಕಿ, "ನನ್ನ ಸಂಗ್ರಹದ ಅಪರೂಪದ ಕಲಾಕೃತಿ" ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡೆ. ನನ್ನ ಸಂಗ್ರಹವಂತೆ! ನನ್ನ ಸಂಗ್ರಹದಲ್ಲಿ ಇನ್ನೇನಿತ್ತು, ಮಕ್ಕಳು ಬಿಟ್ಟುಹೋದ ಮುನ್ನೂರು ಸೂರ್ಯೋದಯ ಬಿಟ್ಟರೆ? ಎರಡು ತಿಂಗಳ ನಂತರ ಒಂದು ಸಂದೇಶ ಬಂತು. ಮಿರೆಲಾ ಎಂಬ ಹೆಂಗಸು, ರುಮೇನಿಯಾದಿಂದ. ಹಿಂದೆ ಬರೆದಿರುವುದು ತನ್ನ ಅಜ್ಜನ ಅಕ್ಷರ, ಚಿತ್ರದಲ್ಲಿರುವುದು ತನ್ನ ತಾಯಿ ಎಂದು ಬರೆದಿದ್ದಳು.

ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತು. ಬಸ್ ಸ್ಟ್ಯಾಂಡಿನಲ್ಲಿ ಅರ್ಧ ನಿಮಿಷ ಸಿಕ್ಕಿದವರಿಗೂ "ಬನ್ನಿ ಒಂದ್ಸಲ ಮನೆಗೆ" ಅನ್ನದಿದ್ದರೆ ನಮಗೆ ಬಸ್ಸು ಹತ್ತಲು ಕಾಲೇ ಬರುವುದಿಲ್ಲ. ಹಾಗೆ ಕರೆಸಿಕೊಂಡವರು ಯಾರೂ ಬರುವುದಿಲ್ಲ, ಬಂದರೆ ನಮಗೇ ಗಾಬರಿ. ನಾನೂ ಅದೇ ಧಾಟಿಯಲ್ಲಿ ಬರೆದೆ: ಖಂಡಿತ ಒಮ್ಮೆ ಬನ್ನಿ, ಇದು ನಿಮ್ಮದೇ ಮನೆ, ಚಿತ್ರವೂ ನಿಮ್ಮದೇ ಎಂದು ತಿಳಿದುಕೊಳ್ಳಿ. ಎಂಥ ಅತಿಥಿ ಸತ್ಕಾರ! ಮಿರೆಲಾ ಹಾಗೆಯೇ ತಿಳಿದುಕೊಂಡಳು. ಮೂರನೆಯ ದಿನ ಉತ್ತರ ಬಂತು. "ನನ್ನ ಕಣ್ಣೀರು ನಿಲ್ಲುತ್ತಿಲ್ಲ. ನಿಮ್ಮ ಔದಾರ್ಯ ದೊಡ್ಡದು. ವಿಮಾನದ ಟಿಕೆಟ್ ಮಾಡಿಸಿದ್ದೇನೆ. ಚಿತ್ರ ಸುತ್ತಲು ದಪ್ಪ ಕಾಗದ ನಾನೇ ತರುತ್ತೇನೆ."

ದಪ್ಪ ಕಾಗದ ಎಂಬಲ್ಲಿಗೆ ಬಂದಾಗ ನಾನೇ ಬರೆದದ್ದನ್ನು ಮತ್ತೆ ತೆಗೆದು ಓದಿದೆ.

ಇದನ್ನು ಅತ್ತೆಗೆ ಹೇಳಲು ಮೂರು ಸಲ ಹೊನ್ನಾವರಕ್ಕೆ ಹೋದೆ. ಎರಡು ಸಲ ಒಣ ಬಂಗಡೆ ತೆಗೆದುಕೊಂಡು ಹಾಗೇ ವಾಪಸು ಬಂದೆ. ಮೂರನೆಯ ಸಲ, ಬಸ್ಸು ಹಳದೀಪುರ ದಾಟುವಾಗ ಮಾತು ಜೋಡಿಸಿಕೊಂಡು, ಹೋದವಳೇ ಹೇಳಿಬಿಟ್ಟೆ. ಅತ್ತೆ ಮೀನಿನ ಬುಟ್ಟಿ ಕೆಳಗಿಟ್ಟಳು.

"ನನ್ನ ಮಗಳನ್ನ ಕೊಡ್ತೆ ಅಂತ ಕಾಗದ ಬರ್ದ್ಯಾ?"

"ಹಾಗಲ್ಲ ಅತ್ತೆ, ಮಾತಿಗೆ ಅಂದದ್ದು."

"ಮಾತಿಗೆ ಅನ್ನೂದಾದ್ರೆ ನಿನ್ನ ಗಂಡನ್ನ ಕೊಡ್ತೆ ಅನ್ಬೇಕಿತ್ತು! ಅವ್ನು ಸೀನೂದು ಬಿಟ್ಟು ಬೇರೆ ಎಂತ ಮಾಡ್ತಾ?"

ಆಮೇಲೆ ಅವಳು ಕೂಗಲಿಲ್ಲ. ಗೋಡೆಗೆ ಒರಗಿ ಕೂತು, ತುಂಬ ಸಣ್ಣ ಧ್ವನಿಯಲ್ಲಿ, "ಅವ್ಳಿಗೆ ಬೇರೆ ಎಂತ ಬೇಕಾದ್ರೂ ಕೊಡು. ಇದೊಂದು ಬಿಟ್ಟು" ಎಂದಳು. ಅತ್ತೆ ಬೇಡುವುದನ್ನು ನಾನು ಅದೇ ಮೊದಲು ಕಂಡದ್ದು. ಕೂಗಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಮಿರೆಲಾ ಬರುವ ದಿನ ಬೆಳಿಗ್ಗೆ ನಾನು ಹೊನ್ನಾವರಕ್ಕೆ ಹೋದರೆ ಗೋಡೆಯ ಮೇಲೆ ಮೊಳೆ ಮಾತ್ರ ಇತ್ತು. ಅತ್ತೆಯೂ ಇಲ್ಲ, ಕುಸುಮನೂ ಇಲ್ಲ. ಎದುರುಮನೆಯವಳು ಕಣ್ಣರಳಿಸಿ ವರದಿ ಒಪ್ಪಿಸಿದಳು. ಅತ್ತೆ ಚಿತ್ರವನ್ನು ಹುಲಿ ಚಿತ್ರದ ಕಂಬಳಿಯಲ್ಲಿ ಸುತ್ತಿ (ಕೊನೆಗೂ ಮಾವ ಒಂದು ತಂದುಕೊಟ್ಟಿದ್ದ), ಗಾಳಿ ತಾಗದ ಹಾಗೆ ಮೇಲೊಂದು ಸೆರಗು ಹೊದಿಸಿ, ಹೆಗಲಿಗೆ ಹಾಕಿಕೊಂಡು ಹೊಳೆ ಕಡೆಗೆ ಹೋಗಿದ್ದಳಂತೆ. ಹೊಳೆ ನಡುವಿನ ಮಾವಿನಕುರ್ವೆಯಲ್ಲಿ ಮಾವನ ತಮ್ಮ ಜಟ್ಟಿ ಮಾವನ ಮನೆ. ಅವನ ದೋಣಿಯೇ ಬಂದಿತ್ತಂತೆ. ಮಗಳನ್ನು ಅಡಗಿಸಿಡಲು ನಡುಗಡ್ಡೆಗಿಂತ ಒಳ್ಳೆಯ ಜಾಗ ಬೇರೆ ಯಾವುದು?

ಅಷ್ಟರಲ್ಲಿ ಮಿರೆಲಾ ಬಂದಿಳಿದಳು. ಅರುವತ್ತೈದರ ಆಸುಪಾಸು, ದಪ್ಪ ಕನ್ನಡಕ, ಬಿಸಿಲಿಗೆ ಸೇಬಿನಂತೆ ಕೆಂಪಾದ ಮುಖ, ಬಗಲಲ್ಲಿ ಆ ದಪ್ಪ ಕಾಗದದ ಸುರುಳಿ. ಖಾಲಿ ಮೊಳೆಯನ್ನು ನೋಡಿ, ಚಿತ್ರ ಎಲ್ಲಿ ಎಂದು ಕೇಳಿದಳು. ನನಗೆ ಬೇರೇನೂ ತೋಚದೆ, "ನೆಂಟರ ಮನೆಗೆ ಹೋಗಿದೆ" ಎಂದೆ. ಅವಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ನಂತರ ಬಹಳ ಗಂಭೀರವಾಗಿ, "ಯಾವಾಗ ಬರುತ್ತದೆ?" ಎಂದಳು. ಇವಳ ಜೊತೆ ಬದುಕಬಹುದು ಎಂದು ನನಗೆ ಆಗಲೇ ಅನ್ನಿಸಿತು.

ಜಟ್ಟಿ ಮಾವನಿಗೆ ಫೋನು ಮಾಡಿ ದೋಣಿ ತರಿಸಿದೆ. ಅವನು ಎರಡು ಕಡೆಗೂ ಸಲ್ಲುವ ಮನುಷ್ಯ. ಬೆಳಿಗ್ಗೆ ತಪ್ಪಿಸಿಕೊಂಡವರನ್ನು ದಾಟಿಸಿದ್ದ, ಮಧ್ಯಾಹ್ನ ಹುಡುಕುವವರನ್ನು ದಾಟಿಸಿದ. "ಅತ್ತಿಗೆ ಬಾಗ್ಲು ಹಾಕ್ಕಂಡು ಕೂತದೆ. ನಾ ಹೇಳ್ದೆ ಅನ್ಬೇಡಿ" ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ಬಾಗಿಲು ನಿಜವಾಗಿಯೂ ಹಾಕಿತ್ತು. ನಾನು ಕರೆದೆ, ಜಟ್ಟಿ ಮಾವ ಕರೆದ. ಕೊನೆಗೆ ಮಿರೆಲಾ ಕಿಟಕಿಯ ಸರಳಿನ ನಡುವಿನಿಂದ ಇಣುಕಿದಳು. ಒಳಗೆ ಅತ್ತೆ ಚಾಪೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಕುಸುಮ. ಆ ದಿನ ಎಡ ಕೆನ್ನೆಯ ಬೊಟ್ಟು ಸಾಲದೆ ಬಲ ಕೆನ್ನೆಗೂ ಒಂದು, ಹಣೆಗೂ ಒಂದು. ಮಿರೆಲಾ ಉಸಿರು ಎಳೆದುಕೊಂಡಳು. ಮುಖದ ಮೇಲೆ ಮೂರು ಕಡೆ ಮಸಿ ಬಳಿದ ತಾಯಿಯನ್ನು ನೋಡಿ ಇನ್ನೇನು ಕಿರುಚುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ಅವಳು ಕಿರುಚಲಿಲ್ಲ. ಚಿತ್ರದ ಕಡೆಗೆ ಮೂರು ಸಲ "ಥು, ಥು, ಥು" ಅಂದಳು.

ಉಗಿದುಬಿಟ್ಟಳಲ್ಲ! ನಮ್ಮ ಕುಸುಮನಿಗೆ! ನಾನು ಗಾಬರಿಯಿಂದ ಅತ್ತೆಯ ಮುಖ ನೋಡಿದೆ. ಅತ್ತೆ ಎದ್ದು ಬಂದು ಬಾಗಿಲು ತೆರೆದಳು.

"ಗೊತ್ತಿದ್ದವ್ಳೇ" ಎಂದಳು. "ನೋಡಿದ್ಯಾ? ಹೊಗ್ಳೂಕೆ ಮುಂಚೆ ದೃಷ್ಟಿ ತೆಗೀತು."

ಅಲ್ಲಿಯೂ ಹಾಗೆಯೇ ಅಂತೆ. ಚಂದದ ಮಗುವನ್ನು ಕಂಡರೆ ಕಣ್ಣು ತಾಗದಿರಲೆಂದು ಮೂರು ಸಲ ಉಗಿದ ಹಾಗೆ ಮಾಡುವುದು, ಮಣಿಕಟ್ಟಿಗೆ ಕೆಂಪು ದಾರ ಕಟ್ಟುವುದು. ಮಿರೆಲಾ ತನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ, ನಾನು ನನಗೆ ಬರುವ ಅರೆಬರೆ ಇಂಗ್ಲಿಷಿನಲ್ಲಿ, ಹೀಗೆ ಎರಡು ಅರೆಬರೆ ಸೇರಿ ಮಾತು ಒಂದು ಮಟ್ಟಕ್ಕೆ ಬಂತು. ಅವಳ ಅಜ್ಜ ಶಾಲಾ ಮಾಸ್ತರ. ಚಿತ್ರಗಾರ ಅವರ ಸ್ನೇಹಿತ, ಒಂದು ಬೇಸಿಗೆ ಅವರ ಮನೆಯಲ್ಲಿ ಉಳಿದಿದ್ದವನು. ಮುಂದೊಮ್ಮೆ ಆ ಮನೆಯವರು ಅವಸರದಲ್ಲಿ ಊರು ಬಿಡಬೇಕಾಗಿ ಬಂದು ಸಾಮಾನೆಲ್ಲ ದಿಕ್ಕಾಪಾಲಾಯಿತು. ಆ ಮೇಲೆ ಚಿತ್ರವನ್ನು ಯಾರೂ ಕಂಡಿಲ್ಲ.

"ಅವ್ಳು ಅಳೂದು ಎಂತಕ್ಕೆ, ಕೇಳು" ಎಂದಳು ಅತ್ತೆ.

ಸೇಬಿನ ದೆಸೆಯಿಂದಂತೆ. ಮಗು ಸುಮ್ಮನೆ ಕೂರಲಿ ಎಂದು ಚಿತ್ರಗಾರ ಸೇಬು ಕೊಟ್ಟ, ಒಂದು ಸಲ ಕಚ್ಚಿದ್ದೇ ತಡ, ಚಿತ್ರ ಮುಗಿಯುವ ತನಕ ಇನ್ನು ಕಚ್ಚಬೇಡ ಅಂದ. ನಾಲ್ಕು ದಿನ ಕೂರಿಸಿದ. ಅತ್ತೆ ಇದನ್ನು ಕೇಳಿ ಕೆಂಡವಾದಳು. "ತಿನ್ನೂ ವಸ್ತು ಕೈಲಿ ಕೊಟ್ಟು ತಿನ್ಬೇಡ ಅಂದ್ನಾ? ಎಲ್ಲಿದ್ದ ಅವ, ವಿಳಾಸ ಕೇಳು!" ಸತ್ತು ಎಷ್ಟೋ ವರ್ಷವಾಗಿದೆ ಎಂದು ತಿಳಿದ ಮೇಲೂ ಅವಳಿಗೆ ಸಮಾಧಾನವಾಗಲಿಲ್ಲ. ಮತ್ತೆ ಕೇಳಿದಳು, "ಹೆಸ್ರೆಂತ ಇಟ್ಟಿದ್ರು?"

"ಎಲೆನಾ."

"ಅದು ಶಾಲೆ ಹೆಸ್ರು. ಮನೇಲಿ ಕುಸುಮ" ಎಂದು ಅತ್ತೆ ತೀರ್ಪು ಕೊಟ್ಟು, ಸುಮ್ಮನೆ ಲೋಕಾಭಿರಾಮಕ್ಕೆ ಕೇಳುವ ಹಾಗೆ ಕೇಳಿದಳು: "ಈಗ ಎಲ್ಲಿ ಅದೆ?"

ಈ ಪ್ರಶ್ನೆಯನ್ನು ನಾನು ಅನುವಾದಿಸಬೇಕಾಗಲಿಲ್ಲ, ಮಿರೆಲಾಳಿಗೆ ಹೇಗೋ ತಿಳಿಯಿತು. ಮೂರು ವರ್ಷದ ಹಿಂದೆ ತೀರಿಕೊಂಡಳು ಎಂದಳು. ಎಂಬತ್ತು ದಾಟಿತ್ತು. ಹೆಡ್‌ಮಿಸ್ಸಾಗಿದ್ದಳು, ಕಂಡವರೊಡನೆಲ್ಲ ಜಗಳವಾಡುತ್ತಿದ್ದಳು, ಕೊನೆಯವರೆಗೂ ದಿನಕ್ಕೊಂದು ಸೇಬು ತಿನ್ನುತ್ತಿದ್ದಳು, ಪೂರ್ತಿ.

ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅತ್ತೆ ಕುಸುಮನ ಮುಖ ನೋಡಿದಳು. ನಾಲ್ಕು ವರ್ಷದ ಮುಖ. ಆಮೇಲೆ ಚಿತ್ರವನ್ನು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿ, ಎದ್ದು, ಹಿತ್ತಿಲ ಬಾವಿಗೆ ಹೋದಳು. ಕೊಡ ಇಳಿಯುವ ಸದ್ದು ಕೇಳಿತು. ನಾನು ಓಡಿ ಹೋದಾಗ ಉಟ್ಟ ಸೀರೆಯಲ್ಲೇ ತಲೆಯ ಮೇಲೆ ಎರಡನೆಯ ಕೊಡ ಸುರಿದುಕೊಳ್ಳುತ್ತಿದ್ದಳು.

"ಎಂತ ಮಾಡ್ತಿ ಅತ್ತೆ!"

"ಮೂರು ವರ್ಷ ಆತಂತೆ, ಒಬ್ರೂ ಹೇಳ್ಲಿಲ್ಲ. ಸೂತಕ ಹಿಡೀದೆ ಮೂರು ವರ್ಷ ದೀಪ ಹಚ್ಚಿದ್ದೆ. ತಡ ಆಗಿ ಕೇಳಿದ್ರೆ ತಲೆಗೆ ಮಿಂದ್ರೆ ಸಾಕು, ಇಲ್ದಿದ್ರೆ ಹತ್ತು ದಿನ ಕೂರ್ತಿದ್ದೆ."

ಸಾವಿನ ಸುದ್ದಿ ತಡವಾಗಿ ಬಂದರೆ ಕೇಳಿದ ಕೂಡಲೇ ಉಟ್ಟ ಬಟ್ಟೆಯಲ್ಲೇ ತಲೆಗೆ ಸ್ನಾನ ಮಾಡುವುದು ನಮ್ಮಲ್ಲಿ ಕ್ರಮ. ಆದರೆ ಅದು ನೆಂಟರಿಗೆ. ಜಗಲಿಯಲ್ಲಿ ಮಿರೆಲಾ ಕಂಗಾಲಾಗಿ ನಿಂತಿದ್ದಳು. ಅವರಿಗೆ ಏನಾಯಿತು ಎಂದಳು. ಹೇಗೆ ಹೇಳುವುದು? "ಇವರ ಮನೆಯಲ್ಲಿ ಸಾವಾಗಿದೆ" ಎಂದೆ. "ಯಾರದ್ದು?" ಎಂದಳು. "ನಿಮ್ಮ ತಾಯಿಯದ್ದು" ಎಂದೆ.

ಅವಳು ಬಾವಿಯ ಕಡೆ ನೋಡಿದಳು. ತಾನು ಆ ದಿನದ ತನಕ ಕಂಡಿರದ ಹೆಂಗಸೊಬ್ಬಳು ಅಲ್ಲಿ ತನ್ನ ತಾಯಿಗಾಗಿ ತೊಪ್ಪೆಯಾಗಿ ನಿಂತು, ಮುಖದ ನೀರು ಒರೆಸಿಕೊಳ್ಳುತ್ತ, ಒರೆಸಿದಷ್ಟೂ ಮುಗಿಯದೆ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಮಿರೆಲಾ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು ಬಾವಿಗೆ ನಡೆದಳು.

"ಬಾ" ಎಂದಳು ಅತ್ತೆ. "ನಿಂಗೇ ಹತ್ರದ ಸೂತಕ. ಜಟ್ಟಿ, ಇವ್ಳಿಗೆರಡು ಕೊಡ ಸೇದು."

ಹೀಗೆ ರುಮೇನಿಯಾದ ನಿವೃತ್ತ ಮಹಿಳೆಯೊಬ್ಬಳು ಪ್ಯಾಂಟು ಅಂಗಿ ಸಮೇತ ಮಾವಿನಕುರ್ವೆಯ ಬಾವಿಕಟ್ಟೆಯ ಮೇಲೆ ತಲೆಗೆ ಸ್ನಾನ ಮಾಡಿದಳು. ನೀರು ಬಿದ್ದಾಗಲೊಮ್ಮೆ ಹೋ ಎಂದು ಕೂಗುತ್ತಿದ್ದಳು, ಆ ಕೂಗಿನಲ್ಲಿ ಅಳು ಯಾವುದು, ನಗು ಯಾವುದು, ತಣ್ಣೀರು ಯಾವುದು ಎಂದು ನಾನು ಹೇಳಲಾರೆ. ಅವಳ ಪಾಸ್‌ಪೋರ್ಟು ಪ್ಯಾಂಟಿನ ಜೇಬಿನಲ್ಲಿತ್ತು. ಅದಕ್ಕೂ ಸೂತಕ ಕಳೆಯಿತು.

ಆಮೇಲೆ ಜಟ್ಟಿ ಮಾವನ ಹೆಂಡತಿಯ ಸೀರೆ ಸುತ್ತಿಕೊಂಡು ಅವಳು ಕೂತಳು. ಅತ್ತೆ ಬೆರಳು ಮಡಿಚಿ ಸಂಬಂಧ ಲೆಕ್ಕ ಹಾಕಿದಳು. ಕುಸುಮ ತನ್ನ ಮಗಳು. ಇವಳು ಕುಸುಮನ ಮಗಳು. ಅಂದರೆ ಮೊಮ್ಮಗಳು. ಅತ್ತೆಗಿಂತ ಮೊಮ್ಮಗಳು ಹೆಚ್ಚೆಂದರೆ ಐದು ವರ್ಷ ಸಣ್ಣವಳಿರಬಹುದು, ಅದನ್ನು ಯಾರೂ ಎತ್ತಲಿಲ್ಲ. ಮಿರೆಲಾ ಅವಳನ್ನು "ಬುನಿಕಾ" ಎಂದು ಕರೆಯತೊಡಗಿದಳು. ಅವರಲ್ಲಿ ಅಜ್ಜಿಗೆ ಹಾಗೆನ್ನುತ್ತಾರಂತೆ.

ಊಟವಾದ ಮೇಲೆ ಮಿರೆಲಾ ಆ ದಪ್ಪ ಕಾಗದದ ಸುರುಳಿಯನ್ನು ನನ್ನ ಕಡೆ ತಳ್ಳಿದಳು. ಇದು ಬೇಡ, ಚಿತ್ರ ಇಲ್ಲೇ ಇರಲಿ, ತಾಯಿ ಇಲ್ಲಿ ಸುಖವಾಗಿದ್ದಾಳೆ ಎಂದು ಅವರಿಗೆ ಹೇಳು ಅಂದಳು. ನನಗೆ ಎಷ್ಟು ಹಗುರಾಯಿತೆಂದರೆ, ಅನುವಾದ ಮಾಡುವಾಗ ಎರಡು ಸಲ ಹೇಳಿದೆ.

ಅತ್ತೆ ಬೇಡ ಎಂಬಂತೆ ತಲೆಯಾಡಿಸಿದಳು. "ಕೊನೆಗೆ ಅವ್ಳ ಹತ್ರ ಯಾರಿದ್ರು, ಕೇಳು."

"ನಾನೇ ಇದ್ದೆ" ಎಂದಳು ಮಿರೆಲಾ.

"ಹಂಗಾರೆ ಆತು." ಅತ್ತೆ ಕಾಗದದ ಸುರುಳಿಯನ್ನು ತನ್ನ ಕಡೆ ಎಳೆದುಕೊಂಡಳು. "ನಾಲ್ಕು ವರ್ಷದ ಹುಡ್ಗಿ ಅಂತ ಇಟ್ಕಂಡಿದ್ದೆ. ನಾಲ್ಕು ವರ್ಷದ್ದನ್ನ ಯಾರು ಕೊಡ್ತಾರೆ? ಈಗ ಕೇಳಿದ್ರೆ ಓದ್ತಂತೆ, ಕೆಲ್ಸ ಮಾಡ್ತಂತೆ, ಮದ್ವೆ ಆಗಿ ಮಗಳನ್ನ ಹೆತ್ತು, ಮುದುಕಿ ಆಗಿ ಹೋತಂತೆ. ಎಲ್ಲ ಒಂದೇ ಮಧ್ಯಾಹ್ನ. ಇನ್ನು ನಾ ಹೆಂಗೆ ಹಿಡ್ಕಣ್ಲಿ? ಮಗಳ ಹತ್ರ ಇರ್ಲಿ."

ನಾನು ಅದನ್ನು ಇಂಗ್ಲಿಷಿಗೆ ತರಲು ಹೋಗಿ ಅರ್ಧದಲ್ಲೇ ನಿಲ್ಲಿಸಿದೆ. ಸಾಧ್ಯವಾಗಲಿಲ್ಲ. ಇಬ್ಬರೂ ನನ್ನ ಸಹಾಯವಿಲ್ಲದೆ ಆಗಲೇ ಒಬ್ಬರನ್ನೊಬ್ಬರು ಹಿಡಿದುಕೊಂಡಿದ್ದರು.

ಚಿತ್ರ ಹೋಯಿತು. ಮೂರು ಬೊಟ್ಟೂ ಅದರ ಮೇಲೆಯೇ ಇದ್ದವು. ಒರೆಸಬೇಡ ಎಂದು ಅತ್ತೆ, ಒರೆಸುವುದಿಲ್ಲ ಎಂದು ಮಿರೆಲಾ. ಅಲ್ಲಿ ಗೋಡೆಗೆ ಹಾಕಿದ ಮೇಲೆ ಅವಳು ಬರೆದಳು: ಚಿತ್ರದಿಂದ ಏನೋ ವಾಸನೆ ಬರುತ್ತದೆ, ಬೆಕ್ಕು ಅದರ ಕೆಳಗಿಂದ ಏಳುವುದೇ ಇಲ್ಲ. ಚಿತ್ರ ತಿಳಿದವರೊಬ್ಬರು ಬಂದು ನೋಡಿ, ಬಲ ಮೂಲೆಯ ಒಂದು ತುಣುಕು ಮಾತ್ರ ಯಾವ ಪರಂಪರೆಯದ್ದೆಂದು ತಿಳಿಯುತ್ತಿಲ್ಲ ಎಂದರಂತೆ. ನಾನು ಅದಕ್ಕೆ ಉತ್ತರ ಬರೆಯಲಿಲ್ಲ. ಭಾನುವಾರ ಭಾನುವಾರ ಬುನಿಕಾ ಮತ್ತು ಮೊಮ್ಮಗಳು ಫೋನಿನಲ್ಲಿ ಮುಖ ನೋಡಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಅರ್ಧ ಗಂಟೆ ಕೂಗಾಡುತ್ತಾರೆ. ನಡುವೆ ನಾನು ಬೇಕಾಗಿಲ್ಲ. ಅತ್ತೆಗೆ ಮನೆ ಖಾಲಿ ಅನ್ನಿಸದಿರಲೆಂದು ನಾನೊಂದು ನಕಲು ಬಿಡಿಸಿಕೊಡಲೇ ಎಂದು ಕೇಳಿದ್ದೆ. "ಬೇಡ ಮಗಾ, ನೀ ಬಿಡ್ಸಿದ್ರೆ ಹಿಂದೆ ಸೂರ್ಯ ಬತ್ತಾನೆ" ಎಂದಳು.

ನಿನ್ನೆ ಇಷ್ಟನ್ನೂ ನೆನೆಯುತ್ತ ಕೂತಿದ್ದೆ. ಇವತ್ತು ಬೆಳಿಗ್ಗೆ ವಾಸನೆ ಸ್ವಲ್ಪ ಇಳಿದಿತ್ತು, ಗಂಡನ ಸೀನೂ. ಇಬ್ಬರೂ ದೇವಸ್ಥಾನಕ್ಕೆ ಹೊರಟಿದ್ದೆವು. ಹಣ್ಣುಕಾಯಿ ಚೀಲಕ್ಕೆ ಹಾಕಿಯಾಗಿತ್ತು. ಅತ್ತೆಯ ಫೋನು ಬಂತು. ಅಷ್ಟು ಬೆಳಿಗ್ಗೆ ಅವಳು ಫೋನು ಮಾಡುವವಳಲ್ಲ, ಗಾಬರಿಯಲ್ಲೇ ಎತ್ತಿದೆ.

"ಎಲ್ಲಿದ್ದಿ? ದೇವಸ್ಥಾನಕ್ಕೆ ಹೋಗ್ಬೇಡ" ಎಂದಳು. "ಮಿರೆಲಾನ ಮಗಳು ಹಡೀತು. ಹೆಣ್ಣು. ನಮ್ಗೆ ಹತ್ತು ದಿನ ಅಮೆ."

ಮನೆಯಲ್ಲಿ ಮಗು ಹುಟ್ಟಿದರೆ ಹತ್ತು ದಿನ ದೇವರ ಕೆಲಸ ಮಾಡದಿರುವುದು, ಅದಕ್ಕೆ ಅಮೆ ಅನ್ನುತ್ತೇವೆ. ನನ್ನೊಳಗಿನ ಟೀಚರಮ್ಮ ತಡೆಯಲಾರದೆ ಬಾಯಿ ಬಿಟ್ಟಳು. "ಅತ್ತೆ, ಹೆಣ್ಣುಮಕ್ಕಳ ಕಡೆಯದ್ದು ತವರಿಗೆ ಬರುವುದಿಲ್ಲ. ಬಂದರೂ ನಾನು ಮದುವೆಯಾಗಿ ಬೇರೆ ಮನೆಗೆ ಬಂದವಳು. ಭಟ್ಟರನ್ನು ಕೇಳಿದರೆ—"

"ಭಟ್ರನ್ನ ಕೇಳ್ಬೇಡ. ಅವ್ರಿಗೆ ರುಮೇನಿಯಾ ಗೊತ್ತಿಲ್ಲ" ಎಂದಳು. "ನಂಗೆ ಈ ಜನ್ಮದಲ್ಲಿ ಒಂದ್ಸಲನೂ ಅಮೆ ಬರ್ಲಿಲ್ಲೆ, ಮಗಾ. ಈಗ ಬಂದದೆ. ಒಬ್ಳೇ ಹೆಂಗೆ ಹಿಡೀಲಿ?"

ನಾನು ಫೋನಿಟ್ಟು ಹಣ್ಣುಕಾಯಿ ಚೀಲದಿಂದ ತೆಗೆದೆ. ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತ ಗಂಡ, ಏನಾಯಿತು ಎಂದು ಕೇಳಿದರು.

"ಚಪ್ಪಲಿ ಬಿಚ್ಚಿ" ಎಂದೆ. "ನಮ್ಮ ಕುಸುಮನಿಗೆ ಮರಿಮಗಳು ಹುಟ್ಟಿದ್ದಾಳೆ."